ಶಹಾಪುರದ ಬನ್ನಿ ಮತ್ತು ಅದರ ಭಕ್ತರು

ಶ್ರಾವಣದಲ್ಲಿ ನಮ್ಮ ಓಣಿಯವರೆಲ್ಲ ಸೇರಿ ಒಂದು ಮರವನ್ನು ಉಳಿಸಿದೆವು. ಈಗ ದಸರಾ ಮುಗಿದಿದೆ. ಆ ಮರದಲ್ಲಿ ಕಾಗೆ ಕೂತರೆ ಊರ ಹೊರಗಿನಿಂದಲೂ ಕಾಣುತ್ತದೆ.

ಇಚಲಕರಂಜಿಯ ಶಹಾಪುರದಲ್ಲಿ ಮಗ್ಗದ ಶೆಡ್‌ಗಳು ಎಷ್ಟಿವೆಯೆಂದು ಕೇಳಬೇಡಿ, ನನಗೆ ಗೊತ್ತಿಲ್ಲ. ನಮ್ಮ ಓಣಿಯಲ್ಲಿ ಮರ ಎಷ್ಟಿವೆಯೆಂದು ಕೇಳಿ, ಕೂಡಲೇ ಹೇಳುತ್ತೇನೆ. ಒಂದು. ಬನ್ನಿ. ಯಾರೂ ನೆಟ್ಟದ್ದಲ್ಲ, ಯಾರೂ ನೀರು ಹಾಕಿದ್ದಲ್ಲ. (ವನಮಹೋತ್ಸವದಲ್ಲಿ ನಾವೇ ಭಾಷಣ ಮಾಡಿ ನೆಟ್ಟ ಗುಲ್‌ಮೊಹರ್ ಸಸಿಗೆ ನೀರು, ಗೊಬ್ಬರ, ತಂತಿಯ ಪಂಜರ ಎಲ್ಲ ಇತ್ತು. ಪಂಜರ ಈಗಲೂ ಇದೆ.)

ಈ ಬನ್ನಿಯ ಕೆಳಗೆ ಚಂಪಕ್ಕ ಕೂರುತ್ತಾಳೆ. ಒಂಟಿ ಜೀವ. ಮಗ್ಗದ ಲಾಳಿಯಲ್ಲಿ ಇಡುವ ಕಂಡಿಕೆಗಳಿಗೆ ಚರಕದಿಂದ ನೂಲು ಸುತ್ತಿ ಕೊಡುವುದೇ ಹೊಟ್ಟೆಪಾಡು. ಇರುವ ಒಂದೇ ಕೋಣೆಗೆ ತಗಡಿನ ಛಾವಣಿ. ಮಧ್ಯಾಹ್ನ ಅಲ್ಲಿ ರೊಟ್ಟಿ ಬೇಯಿಸಲು ಒಲೆ ಬೇಡ. ಹಾಗಾಗಿ ಮರದ ನೆರಳು ಸರಿದಂತೆ ಆಕೆಯ ಚರಕವೂ ಸರಿಯುತ್ತದೆ. ನೆರಳು ಹೋದರೆ ಆಕೆಯ ಅರ್ಧ ದಿನದ ಕೆಲಸ ಹೋಯಿತು.

ಮರ ನಿಂತ ಜಾಗ ಬಾಳಗೌಡರದು. ಶೆಡ್ ಕಟ್ಟಬೇಕು, ಮರ ಕಡಿಯಬೇಕು ಎಂದರು. ಓಣಿ ಎದ್ದು ನಿಂತಿತು.

"ಬನ್ನಿ ಕಡದ್ರ ಒಳ್ಳೇದಾಗೂದಿಲ್ರಿ ಗೌಡ್ರ!" ಎಂದರು ಕಿರಾಣಿ ಅಂಗಡಿಯ ಶಿವಲಿಂಗಪ್ಪ. "ಪಾಂಡವರು ಆಯುಧ ಇಟ್ಟ ಗಿಡಾ ಐತಿ ಅದು."

"ಇದಽ ಗಿಡದಾಗ ಇಟ್ಟಿದ್ರೇನ್ರಿ?" ಎಂದರು ಬಾಳಗೌಡರು.

ಮೀಟಿಂಗ್ ಆಯಿತು. ಶಾಲಾಮಾಸ್ತರನಾದ ನಾನು ಮಾತಾಡದೆ ಇರುತ್ತೇನೆಯೇ? ಈ ಮಣ್ಣಿನ ಮರಕ್ಕೆ ಈ ಮಣ್ಣು ಗೊತ್ತು, ಕಡಿಯಲು ಒಂದು ತಾಸು ಸಾಕು, ಬೆಳೆಸಲು ಮೊಮ್ಮಕ್ಕಳ ಕಾಲ ಬರಬೇಕು ಎಂದೆಲ್ಲ ಹೇಳಿದೆ. ಅಷ್ಟರಲ್ಲಿ ಹೆಂಗಸರು ಹೋಗಿ ಬುಡಕ್ಕೆ ಅರಿಷಿಣ ಕುಂಕುಮ ಹಚ್ಚಿ ಬಂದರು. ನನ್ನ ಭಾಷಣಕ್ಕಿಂತ ಅದೇ ಬೇಗ ನಾಟಿತು. ಬಾಳಗೌಡರು ಗೊಣಗುತ್ತ ಗೋಡೆಯನ್ನು ಒಳಕ್ಕೆ ಸರಿಸಿದರು. ಅವರಿಗೆ ಒಂದು ಮಗ್ಗದ ಜಾಗ ಹೋಯಿತು. ನಾವು ಪೇಢೆ ಹಂಚಿದೆವು.

ಆಮೇಲೆ ದಸರಾ ಬಂತು.

ಪದ್ಧತಿ ನಿಮಗೆ ಗೊತ್ತು. ಬನ್ನಿಗೆ ಪೂಜೆ ಮಾಡಿ, ಕೈಮುಗಿದು, ನಾಲ್ಕು ಎಲೆ ತಂದು, ಅದೇ ಬಂಗಾರವೆಂದು ಮನೆಮನೆಗೆ ಹಂಚುವುದು. ಮರಾಠಿ ನೆರೆಯವರು ಆಪಟಾ ಎಲೆ ಕೊಡುತ್ತಾರೆ. ಅದು ಸಿಗದಿದ್ದರೆ ಅವರಿಗೂ ಬನ್ನಿ ನಡೆಯುತ್ತದೆ. ಈ ಸಲ ಭಾಳ ಮಂದಿಗೆ ನಡೆಯಿತು.

ಕೈಮುಗಿಯುವತನಕ ಎಲ್ಲ ಸರಿಯಿತ್ತು. ಆದರೆ ಬನ್ನಿಗೆ ಮುಳ್ಳಿದೆ. ಅಲ್ಲೇ ನಿಂತು ಎಲೆ ಬಿಡಿಸಿದರೆ ನಮ್ಮ ಬೆರಳಿಗೆ ಚುಚ್ಚುತ್ತದೆ. ಟೊಂಗೆಯನ್ನೇ ಮುರಿದು ಮನೆಗೆ ಒಯ್ದರೆ ಹೆಂಡತಿಯ ಬೆರಳಿಗೆ ಚುಚ್ಚುತ್ತದೆ. ಭಕ್ತರು ಎರಡನೆಯ ದಾರಿ ಹಿಡಿದರು. ಶಿವಲಿಂಗಪ್ಪ ಏಣಿಯನ್ನೇ ತಂದಿದ್ದರು. ನಾನೂ ಒಂದು ಟೊಂಗೆ ಒಯ್ದೆ. (ಚಿಕ್ಕದು.)

ಸಂಜೆ ಎಲ್ಲರೂ ಚಂಪಕ್ಕನ ಮನೆಗೂ ಹೋದೆವು. ಓಣಿಗೆ ಹಿರಿಯಳು, ಕಾಲಿಗೆ ಬೀಳಬೇಕಲ್ಲ?

"ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ ಅಕ್ಕಾ."

"ಸೋನಂ ಘ್ಯಾ, ಸೋನ್ಯಾಸಾರಖಂ ರಾಹಾ, ಮಾವಶಿ" ಎಂದು ಮರಾಠಿ ನೆರೆಯವರು ಅದೇ ಮಾತನ್ನು ತಮ್ಮ ಭಾಷೆಯಲ್ಲಿ ಹೇಳಿದರು.

ಆಕೆ ಎಲ್ಲರಿಗೂ ಒಳ್ಳೆಯದಾಗಲಿ ಎಂದಳು. ಉಡಿ ತುಂಬಿತು. ಕೊನೆಗೆ ಉಡಿಯನ್ನು ನೋಡಿ, ನನ್ನ ಮುಖ ನೋಡಿ ಕೇಳಿದಳು:

"ಬಂಗಾರ ಭಾಳ ಆತ್ರಿ ಮಾಸ್ತರ್ರ. ನಾಳೆ ಬಿಸಲಾಗ ಇದನ್ನ ತಲಿ ಮ್ಯಾಲೆ ಹಿಡಕೊಂಡು ಕೂಡ್ಲೇನು?"

ಚಂಪಕ್ಕ ಚೇಷ್ಟೆ ಮಾಡುತ್ತಾಳೆಂದು ಜೊತೆಗಿದ್ದವರು ನಕ್ಕರು. ನನಗೆ ನಾಚಿಕೆಯಾಯಿತು. ಚಪ್ಪಲಿ ಹುಡುಕುವ ನೆಪದಲ್ಲಿ ಹೊರಗೆ ಬಂದೆ.

ಮರುದಿನ ಬಾಳಗೌಡರು ಉಳಿದ ಬೋಳು ಕೊಂಬೆಯಿಂದ ತಮ್ಮ ಶೆಡ್ಡಿನ ಗೋಡೆಗೆ ಡಾಗು ಬಿದ್ದು ಮಾರಾಟವಾಗದ ಬಟ್ಟೆಯೊಂದನ್ನು ಕಟ್ಟಿದರು. ಅದರ ಕೆಳಗೆ ಚರಕ ತಿರುಗುತ್ತಿದೆ. ಬಟ್ಟೆ ತೆಳು, ಬಿಸಿಲು ಇಳಿಯುತ್ತದೆ. ಚಂಪಕ್ಕ ಒದ್ದೆ ಸೆರಗು ತಲೆಗೆ ಹೊದ್ದು, ನಡುನಡುವೆ ಎದ್ದು ನೀರು ಕುಡಿದು ಬರುತ್ತಾಳೆ. ಸಂಜೆಗೆ ಮೊದಲಿನಷ್ಟು ಕಂಡಿಕೆ ಆಗುತ್ತಿಲ್ಲ.

"ಕಡ್ಯಾಕ ನಾ ಒಬ್ಬಾವ ಬಂದಿದ್ದೆ ಮಾಸ್ತರ್ರ" ಎಂದರು ಬಾಳಗೌಡರು, ಆ ದಿನ ಬಟ್ಟೆಯ ಹಗ್ಗ ಬಿಗಿಯುತ್ತ. "ಬ್ಯಾಡ ಅನ್ನಾಕ ಅಷ್ಟು ಮಂದಿ ಯಾಕ ಬಂದ್ರು ಅಂತ ಈಗ ತಿಳೀತ್ ನೋಡ್ರಿ."

ಬನ್ನಿ ಗಟ್ಟಿ ಜಾತಿ, ಮತ್ತೆ ಚಿಗುರುತ್ತದೆ ಎಂದು ಶಿವಲಿಂಗಪ್ಪ ಎಲ್ಲರಿಗೂ ಧೈರ್ಯ ಹೇಳುತ್ತಿದ್ದಾರೆ. ಬರುವ ದಸರಾಕ್ಕೆ ಪೂಜೆ ಇನ್ನೂ ಜೋರಾಗಿ ಆಗಬೇಕೆಂದು ಓಣಿಯಲ್ಲಿ ಆಗಲೇ ಒಂದು ಕಮಿಟಿಯೂ ಆಗಿದೆ.

ಮರಕ್ಕೆ ಈ ಸುದ್ದಿಯನ್ನು ಯಾರು ಹೇಳುತ್ತೀರಿ?