ಹೊಯಿಗೆಗೆ ಬಿಡುವ ದಾರಿ

ಊರಲ್ಲಿ ಅಕ್ಕನ ಮನೆಗೂ ಸಮುದ್ರಕ್ಕೂ ನಡುವೆ ನಮ್ಮದೊಂದು ಪಟ್ಟಿ ಜಾಗ ಉಂಟು. ಕೆಲವು ತೆಂಗಿನ ಮರ, ಉಳಿದದ್ದೆಲ್ಲ ಹೊಯಿಗೆ, ಬರೀ ಮರಳು. ಪ್ರತಿ ಮಳೆಗಾಲವೂ ಕಡಲು ಅದನ್ನು ತಿನ್ನುತ್ತಾ ಬಂದು ಈಗ ಅಕ್ಕನ ಬೇಲಿಯ ಹತ್ತಿರ ನಿಂತಿದೆ. ಸರಕಾರದವರು ಇಡೀ ಕಿನಾರೆಗೆ ಹೊಸ ಹೊಯಿಗೆ ತುಂಬಿಸಿ ದಿಬ್ಬ ಮಾಡುತ್ತಾರಂತೆ. ಅದಕ್ಕೆ ಲಾರಿ ಹೋಗಬೇಕು, ಯಂತ್ರ ನಿಲ್ಲಬೇಕು. ನಮ್ಮ ಜಾಗ ಬಿಟ್ಟರೆ ಬೇರೆ ದಾರಿ ಇಲ್ಲ. ಕೆಲಸ ಮುಗಿಯುವವರೆಗೆ ಹಾದುಹೋಗಲು ಒಪ್ಪಿಗೆ ಕೊಡಿ ಎಂದು ಅಕ್ಕನಿಗೂ ನನಗೂ ಒಂದೊಂದು ಕಾಗದ ಬಂತು. ಮಳೆಗೆ ಮುಂಚೆ ಆಗದಿದ್ದರೆ ಅಕ್ಕನ ಮನೆ ಹೋದ ಹಾಗೆಯೇ.

ಅಮ್ಮ ತೀರಿಕೊಂಡ ಮೇಲೆ ಜಾಗ ಇರುವುದು ಅಕ್ಕನ ಮತ್ತು ನನ್ನ ಹೆಸರಲ್ಲಿ. ನಮ್ಮಲ್ಲಿ ಆಸ್ತಿ ತಾಯಿಯ ಕಡೆಯಿಂದ ಇಳಿಯುವುದು. ಇಬ್ಬರೂ ರುಜು ಹಾಕಿದರೆ ಮುಗಿಯಿತು ಮೇಡಂ ಎಂದು ಸರಕಾರದ ಎಂಜಿನಿಯರು ಫೋನಿನಲ್ಲಿ ಮತ್ತೆ ಮತ್ತೆ ಹೇಳಿದ. ಪಾಪ, ನಮ್ಮ ಮನೆಯ ಸಂಗತಿ ಅವನಿಗೆಂತ ಗೊತ್ತು? ಹೆಸರು ಹೆಂಗಸರದ್ದಾದರೂ ಬಾಯಿ ಸೋದರಮಾವನದ್ದು. ಮದುವೆಯಾಗಲಿ, ಬಾವಿ ತೋಡುವುದಾಗಲಿ, ಅವರು ಹೂಂ ಅನ್ನದೆ ನಮ್ಮಲ್ಲಿ ಯಾರೂ ಪೆನ್ನು ಮುಟ್ಟಿದ್ದಿಲ್ಲ.

ಆ ಮಾವ ಇರುವುದು ಡೊಂಬಿವಲಿಯ ಕಾರ್ಖಾನೆಗಳ ಕಡೆ, ಎಂಐಡಿಸಿಯಲ್ಲಿ, ತಮ್ಮ ಸಣ್ಣ ವೆಜ್ ಹೋಟೆಲಿನ ಗಲ್ಲೆಯ ಹಿಂದೆ. ನಾನಿರುವುದು ನೆರೂಳಿನಲ್ಲಿ; ಅಲ್ಲಿಂದ ಲೋಕಲ್ ರೈಲಿನಲ್ಲಿ ಥಾಣೆಗೆ, ಅಲ್ಲಿ ಗಾಡಿ ಬದಲಿಸಿ ಡೊಂಬಿವಲಿಗೆ. ರಜೆಯ ದಿನಗಳೆಲ್ಲ ಇದಕ್ಕೇ ಹೋದವು. ಹೋದಾಗಲೆಲ್ಲ ಇಡ್ಲಿ ಬರುತ್ತಿತ್ತು, ಚಾ ಬರುತ್ತಿತ್ತು, ಹೂಂ ಮಾತ್ರ ಬರುತ್ತಿರಲಿಲ್ಲ. ಬದಲಿಗೆ ಮಾವನ ಪ್ರಶ್ನೆಗಳು ಬರುತ್ತಿದ್ದವು: ಲಾರಿ ಯಾವ ಕಂಟ್ರಾಕ್ಟರನದ್ದು? ಇವತ್ತು ಹಾದುಹೋಗಲು ಬಿಟ್ಟದ್ದು ನಾಳೆ ರೋಡಾಗುವುದಿಲ್ಲ ಎಂದು ಯಾರು ಹೇಳುತ್ತಾರೆ? ರೋಡಾದ ಮೇಲೆ ರಿಸಾರ್ಟ್ ಬರಲಿಕ್ಕೆ ಎಷ್ಟು ಹೊತ್ತು?

ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ಬರಬರುತ್ತಾ ಮಾವನ ಮೇಲೆಯೇ ಸಂಶಯ ಹುಟ್ಟಿತು. ರಿಸಾರ್ಟಿನ ಮಾತು ಇವರ ಬಾಯಲ್ಲೇ ಯಾಕೆ ಅಷ್ಟು ಸಲ ಬರುತ್ತದೆ? ವಾಶಿಯ ಯಾವನೋ ಬಿಲ್ಡರ್ ಹೋಟೆಲಿಗೆ ಬಂದುಹೋಗುತ್ತಾನೆಂದು ಮಾವನ ಮಗನೇ ತನ್ನ ಹಿಂದಿಯಲ್ಲಿ ನನಗೆ ಹೇಳಿದ್ದ. ಕೊನೆಗೊಂದು ಭಾನುವಾರ ಕೇಳಿಯೇಬಿಟ್ಟೆ: ಊರಿನ ಜಾಗ ಕೊಡುತ್ತೇನೆಂದು ಯಾರಿಗಾದರೂ ಮಾತು ಕೊಟ್ಟಿದ್ದೀರಾ?

ಮಾವ ಗಿರಾಕಿಗೆ ಚಿಲ್ಲರೆ ಕೊಟ್ಟು ಗಲ್ಲೆ ಮುಚ್ಚಿದರು. ಬಿಲ್ಡರ್ ಬರುವುದು ಹೌದಂತೆ. ಅವನಿಗೆ ಬೇಕಾದದ್ದು ಈ ಹೋಟೆಲಿನ ಜಾಗವಂತೆ. ಆಮೇಲೆ ನನ್ನನ್ನೇ ನೋಡಿ ಹೇಳಿದರು:

"ನಾನು ಈ ಕಡೆ ಬಂದಾಗ ನಿನ್ನ ನೆರೂಳು ಇರಲಿಲ್ಲ ಮಗಾ. ಗದ್ದೆ, ಉಪ್ಪಿನ ಆಗರ ಇತ್ತು. ಆ ಗದ್ದೆಯವರ ಹತ್ತಿರವೂ ಹೀಗೇ ಯಾರೋ ಕಾಗದ ಹಿಡಿದುಕೊಂಡು ಬಂದಿದ್ದರು. ಈಗ ಅಲ್ಲಿ ನಿನ್ನ ಬಿಲ್ಡಿಂಗ್ ಉಂಟು."

ನನಗೆ ನಾಚಿಕೆಯಾಯಿತು, ಆದರೆ ಸಂಶಯ ಹೋಗಲಿಲ್ಲ; ಮಾವನನ್ನು ಬಿಟ್ಟು ಎಂಜಿನಿಯರನ ಮೇಲೆ ಹೋಗಿ ಕೂತಿತು. ಮಾತಿಗೊಮ್ಮೆ ಮೇಡಂ ಅನ್ನುವವನಿಗೆ ಅಷ್ಟೊಂದು ಅವಸರ ಯಾಕೆ? ಚೀಲದಿಂದ ತೆಗೆದ ಕಾಗದವನ್ನು ಮತ್ತೆ ಮಡಚುತ್ತಿದ್ದೆ, ಅಷ್ಟರಲ್ಲಿ ಅಕ್ಕನ ಫೋನು ಬಂತು. ಮಾವನಿಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿ, ನಮ್ಮಿಬ್ಬರ ಅನುಮಾನಗಳನ್ನೆಲ್ಲ ಅವಳಿಗೆ ಹೇಳಿದೆ. ಅವಳು ಪೂರ್ತಿ ಕೇಳಿದಳು.

"ನಾನು ರುಜು ಹಾಕಿ ಆಯ್ತು," ಎಂದಳು. "ನಿಮ್ಮಲ್ಲಿ ಕೇಳಲಿಲ್ಲ. ಇವತ್ತು ಬೆಳಿಗ್ಗೆ ಬಾವಿಗೆ ಕೊಡಪಾನ ಇಳಿಸಿದೆ, ನೀರು ಉಪ್ಪು. ನೀವಿಬ್ಬರು ಅಲ್ಲಿ ಚಾ ಕುಡೀತಾ ಯೋಚನೆ ಮಾಡಿ. ನಾನು ಇಲ್ಲಿ ಎಂತ ಕುಡಿಯುವುದು?"

ಮಾವ ಮುಂದಿದ್ದ ಚಾದ ಗ್ಲಾಸನ್ನು ಪಕ್ಕಕ್ಕೆ ಸರಿಸಿ, ಕಿಸೆಯಿಂದ ಪೆನ್ನು ತೆಗೆದು ನನ್ನ ಕೈಗೆ ಕೊಟ್ಟರು. ಹೂಂ ಅನ್ನಲಿಲ್ಲ, ನಾನೂ ಅದಕ್ಕೆ ಕಾಯಲಿಲ್ಲ. ಕೆಲಸ ಮುಗಿದ ಮೇಲೆ ದಾರಿ ಮುಚ್ಚಿ ಬೇಲಿಯನ್ನು ಇದ್ದಲ್ಲೇ ಹಾಕಿಕೊಡಬೇಕು, ಅದನ್ನೊಂದು ಬರೆ ಎಂದರು. ಬರೆದು, ಅದರ ಕೆಳಗೆ ರುಜು ಹಾಕಿದೆ. ಅದನ್ನು ಸರಕಾರದ ಆಫೀಸಿನಲ್ಲಿ ಯಾರಾದರೂ ಓದುತ್ತಾರೆಂಬ ನಂಬಿಕೆ ನಮ್ಮಿಬ್ಬರಿಗೂ ಇರಲಿಲ್ಲ.