ಎರಡನೆಯ ಹಳಿ

ನಿಮ್ಮ ಅಪ್ಪನ ಕಾಲು ಹೋದದ್ದು ನನ್ನಿಂದ, ವನಜಕ್ಕ. ಅವರ ತಪ್ಪಿನಿಂದಲ್ಲ, ನನ್ನಿಂದ. ಇಷ್ಟು ಬರೆದು ಪೆನ್ನು ಕೆಳಗಿಟ್ಟು ಮನೆಯೊಳಗೆ ಎರಡು ಸುತ್ತು ಹಾಕಿ ಬಂದೆ. ಇವತ್ತು ಮುಂದಿನದನ್ನು ಬರೆಯದಿದ್ದರೆ ಮತ್ತೆಂದೂ ಬರೆಯುವವನಲ್ಲ — ನನ್ನನ್ನು ನಾನು ಬಲ್ಲೆ.

ಮಸ್ಕತ್ತಿನ ದಾರ್ಸೈಟ್‌ನಲ್ಲಿ ನಾವು ಅಕ್ಕಪಕ್ಕದ ಫ್ಲ್ಯಾಟಿನವರು. ಎಂಬತ್ತರ ದಶಕದ ಕೊನೆ. ಆಚೆ ನೀವು, ನಿಮ್ಮ ಯಜಮಾನರು, ಅಲ್ಲೇ ಹುಟ್ಟಿದ ನಿಮ್ಮ ಮಗಳು ಸುಷ್ಮಾ. ಈಚೆ ನಾನೊಬ್ಬ, ರೂವಿಯ ಕಚೇರಿಯೊಂದರ ಡ್ರಾಫ್ಟ್ಸ್‌ಮನ್. ಶುಕ್ರವಾರದ ಊಟ ನಿಮ್ಮಲ್ಲೇ. ನಿಮ್ಮದು ಹಾಸನದ ಕಡೆಯ ಜಂಕ್ಷನ್ ಊರು. ನನ್ನದು ಉಡುಪಿಯ ಕಡೆ. ಆಗ ಅಲ್ಲಿಗೆ ರೈಲೇ ಬಂದಿರಲಿಲ್ಲ. ಬೊಂಬಾಯಿಗೆ ಬಸ್ಸು, ಅಲ್ಲಿಂದ ವಿಮಾನ — ನಾನು ರೈಲಿನೊಳಗೆ ಕಾಲಿಟ್ಟವನೇ ಅಲ್ಲ. ಉಡುಪಿ ಕಡೆಯವರಿಗೆ ರೈಲು ಎಂದರೆ ಸಿನಿಮಾದಲ್ಲಿ ಕಾಣುವ ಪ್ರಾಣಿ ಎಂದು ನಿಮ್ಮ ಯಜಮಾನರು ಒಂದು ದಿನ ಕೆಣಕಿದರು. ನನಗೆ ಚುರುಕ್ಕೆಂದಿತು. ರೈಲ್ವೆ ವರ್ಕ್‌ಶಾಪಿನಲ್ಲಿ ಎರಡು ವರ್ಷ ನಕ್ಷೆ ಬರೆದಿದ್ದೇನೆ ಎಂದುಬಿಟ್ಟೆ. ಬುರುಡೆ ಹೊಡೆಯುವವನನ್ನು ರೈಲು ಬಿಡುತ್ತಾನೆ ಎನ್ನುತ್ತೇವಲ್ಲ — ನಾನು ಬಿಟ್ಟದ್ದು ನಿಜಕ್ಕೂ ರೈಲನ್ನೇ.

ಅದನ್ನು ಕೇಳಿ ಸುಷ್ಮಾಳ ಕಣ್ಣು ಅರಳಿತು. ಎರಡು ವರ್ಷಕ್ಕೊಮ್ಮೆ ಅಜ್ಜನ ಊರಿನಲ್ಲಿ ಕಂಡ ರೈಲೇ ಅವಳ ತಲೆಯ ತುಂಬ. ಅದರ ಚಿತ್ರ ಬರೆಯಲು ಕಲಿಯಬೇಕೆಂದು ಹಟ. ಒಮಾನಿನಲ್ಲಿ ನೋಡಿ ಬರೆಯೋಣವೆಂದರೆ ಹಳಿಯೇ ಇಲ್ಲ. ನೀವು ಅವಳನ್ನು ನನಗೆ ಒಪ್ಪಿಸಿದಿರಿ. ನಾನು ರೂವಿಯ ಅಂಗಡಿಯಿಂದ ಚಿತ್ರ ಕಲಿಸುವ ಪುಸ್ತಕವೊಂದನ್ನು ತಂದು, ಗುರುವಾರ ಕಲಿತದ್ದನ್ನು ಶುಕ್ರವಾರ ಕಲಿಸುತ್ತಿದ್ದೆ. ಮೊದಲು ಪೆಟ್ಟಿಗೆ ಬರೆ, ಆಮೇಲೆ ಚಕ್ರ. ಡಬ್ಬಿಗಳು ದೂರ ಹೋದಂತೆ ಸಣ್ಣದಾಗಬೇಕು. ಡಬ್ಬಿಯ ಬಣ್ಣಕ್ಕೆ ಕೆಂಪಿನಲ್ಲಿ ಚೂರು ಕಂದು. ಹೊಗೆಗೆ ಬಣ್ಣವೇ ಬೇಡ, ಒದ್ದೆ ಹತ್ತಿಯಿಂದ ಆಕಾಶವನ್ನು ಒರೆಸಿದರಾಯಿತು. ಹತ್ತಿಯ ಉಪಾಯ ನನ್ನದೇ, ಚೆನ್ನಾಗಿಯೂ ಬರುತ್ತಿತ್ತು. ಆ ಶುಕ್ರವಾರಗಳಲ್ಲಿ ನಾನು ಸುಖವಾಗಿದ್ದೆ, ವನಜಕ್ಕ — ಅದೊಂದು ಸುಳ್ಳಲ್ಲ.

ಜೋಡಿ ಹಳಿ ಬರೆದ ದಿನ ಅವಳು ಕೇಳಿದಳು, ರೈಲು ಯಾವ ಹಳಿಯಲ್ಲಿ ಬರುತ್ತದೆ ಎಂದು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಬಹುದಿತ್ತು. ಆದರೆ ವರ್ಕ್‌ಶಾಪಿನಲ್ಲಿ ಎರಡು ವರ್ಷ ಇದ್ದವನು ಹಾಗೆಂದರೆ... ಕಿಟಕಿಯಾಚೆ ರೂವಿಯ ಜೋಡಿ ರಸ್ತೆ ಕಾಣುತ್ತಿತ್ತು. ನಡುವೆ ಕಟ್ಟೆ, ಒಂದು ಬದಿ ಬರುವ ಕಾರು, ಇನ್ನೊಂದು ಬದಿ ಹೋಗುವ ಕಾರು. ರೈಲೂ ಹಾಗೆಯೇ ಎಂದೆ. ಒಂದು ಹಳಿ ಬರುವುದಕ್ಕೆ, ಒಂದು ಹೋಗುವುದಕ್ಕೆ, ಎಂದೂ ಬದಲಾಗದು. ಅಷ್ಟಕ್ಕೇ ನಿಲ್ಲಿಸಿದೆನೇ?

"ಎಂಜಿನ್ನಿನ ಮುಖ ಬರೀಬೇಕಾದ್ರೆ ಹೋಗುವ ಹಳಿಯ ಮೇಲೆ ನಿಂತು ನೋಡ್ಬೇಕು ಪುಟ್ಟಿ. ನಾವೆಲ್ಲ ಹಾಗೇ ಬರೀತಿದ್ದದ್ದು."

ಆ ಬೇಸಿಗೆ ರಜೆಯಲ್ಲಿ ನೀವು ಊರಿಗೆ ಹೋದಿರಿ. ನಿಮ್ಮ ಅಪ್ಪ ಮೊಮ್ಮಗಳಿಗೆ ರೈಲು ತೋರಿಸಲು ಸ್ಟೇಷನ್ನಿಗೆ ಕರೆದುಕೊಂಡು ಹೋದರು. ಪರಿಚಯದವರು ಯಾರೋ ಸಿಕ್ಕರು, ಅತ್ತ ತಿರುಗಿ ಎರಡು ಮಾತಾಡಿದರು. ಅಷ್ಟರಲ್ಲಿ ಸುಷ್ಮಾ ಡ್ರಾಯಿಂಗ್ ಪುಸ್ತಕ ಹಿಡಿದು ಎರಡನೆಯ ಹಳಿಯ ಮೇಲೆ ಹೋಗಿ ನಿಂತಿದ್ದಳು, ದೂರದ ಎಂಜಿನ್ನನ್ನು ನೋಡುತ್ತಾ. ರೈಲು ಬಂದದ್ದು ಅದೇ ಹಳಿಯಲ್ಲಿ. ಅಪ್ಪ ಓಡಿಬಂದು ಅವಳನ್ನು ದೂಡಿದರು. ಅವಳ ಮೊಣಕೈ ತರಚಿತು. ಅವರ ಬಲಗಾಲು ಮಂಡಿಯಿಂದ ಕೆಳಗೆ ಹೋಯಿತು.

ಇದನ್ನೆಲ್ಲ ನೀವು ಮಸ್ಕತ್ತಿಗೆ ಮರಳಿದ ದಿನ ನಿಮ್ಮ ಬಾಯಿಂದಲೇ ಕೇಳಿದೆ. ಎರಡನೆಯ ಹಳಿ ಎಂದಾಗ, ನಾನು ಹೇಳಿಕೊಟ್ಟ ಹೋಗುವ ಹಳಿ ಅದೇ ಎಂದು ತಿಳಿಯಿತು. ನೀವು ಅಳುತ್ತಿರಲಿಲ್ಲ, ಸಿಟ್ಟಿನಲ್ಲಿದ್ದಿರಿ.

"ಮಗೂನ ನೋಡ್ಕೊಳ್ದೆ ಹರಟೆ ಹೊಡೀತಾ ನಿಂತಿದ್ರು. ಇನ್ನು ನಮ್ಮಪ್ಪನ ಹತ್ರ ನಾನು ಮಾತಾಡಲ್ಲ, ಸದಾನಂದ್ರೆ."

ಆಗ ಬಾಯಿ ತೆರೆದೆ. ತೆರೆದೆ — ಕುಡಿಯಲು ನೀರು ಕೇಳಿದೆ.

ನೀವು ಒಳಗೆ ಹೋದಾಗ ಸುಷ್ಮಾ ಹತ್ತಿರ ಬಂದಳು. ನಿಮಗೆ ಅವಳು ಏನೂ ಹೇಳಿರಲಿಲ್ಲ. ನನ್ನನ್ನು ಕೇಳಿಯೇ ಹೇಳೋಣವೆಂದಿದ್ದಳೋ ಏನೋ. ಹತ್ತು ವರ್ಷದ ಮಗು, ದೂರುವ ದನಿಯೂ ಅಲ್ಲ.

"ಅಂಕಲ್, ಯೂ ಸೆಡ್... ಆ ಹಳಿ ಮೇಲೆ ಬರಲ್ಲ ಅಂತ."

"ಇಲ್ಲ ಪುಟ್ಟಿ, ನಾನು ಹಾಗೆ ಹೇಳ್ಲೇ ಇಲ್ಲ. ನೀನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಮೆಲ್ಲಗೆ ತಲೆಯಾಡಿಸಿದಳು. ತನ್ನ ಕಿವಿಗಿಂತ ಹೆಚ್ಚಾಗಿ ನನ್ನನ್ನು ನಂಬಿದಳು, ವನಜಕ್ಕ. ಆ ಮಾತು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತು ಎಂದು ನೆನೆದರೆ ಈಗಲೂ ದಿಗಿಲಾಗುತ್ತದೆ. ಮೊದಲಿನದು ಜಂಬದ ಸುಳ್ಳು, ಏನಾದೀತೆಂದು ತಿಳಿಯದೆ ಹೇಳಿದ್ದು. ಇದು ಎಲ್ಲ ತಿಳಿದು, ಮಗುವಿನ ಕಣ್ಣು ನೋಡಿಕೊಂಡೇ ಹೇಳಿದ್ದು. ಅವಳು ಮತ್ತೆ ಬ್ರಷ್ ಮುಟ್ಟಲಿಲ್ಲ; ಪಾಪ, ಹೆದರಿದ್ದಾಳೆ ಎಂದು ನಿಮ್ಮೆದುರು ನಾನೇ ಹೇಳಿದೆ.

ಅಪ್ಪ ಆಮೇಲೆ ಆರು ವರ್ಷ ಬದುಕಿದರು. ಅವರ ಕಾಗದಗಳನ್ನು ನೀವು ಒಡೆಯದೆ ಟಿ.ವಿ.ಯ ಕೆಳಗಿನ ಡ್ರಾಯರಿಗೆ ಹಾಕುತ್ತಿದ್ದುದನ್ನು ನೋಡಿದ್ದೇನೆ. ತಮ್ಮನ ಮದುವೆಗೆ ಹೋಗಿ, ಅವರೊಡನೆ ಒಂದು ಮಾತೂ ಆಡದೆ ಬಂದಿರಿ. ಅವರು ತೀರಿಕೊಂಡ ಸುದ್ದಿ ಬಂದಾಗ ನೀವು ನೆಲದ ಮೇಲೆ ಕೂತು ಅತ್ತದ್ದು — ನಾನು ಪಕ್ಕದಲ್ಲಿ ನಿಂತು ಸಮಾಧಾನ ಹೇಳಿದ್ದು. ಸಮಾಧಾನ! ಯಾವ ಮುಖ ಹೊತ್ತು ಹೇಳಿದೆನೋ.

ಮಗು ಮರೆತಿರುತ್ತದೆ ಎಂದುಕೊಂಡೇ ಇಷ್ಟು ಕಾಲ ನಿದ್ದೆ ಮಾಡಿದೆ. ಹೋದ ವಾರ ಫೋನಿನಲ್ಲಿ ನೀವು ಮಾತಿಗೆ ಮಾತು ಬಂದು ಹೇಳಿದಿರಿ — ಸುಷ್ಮಾ ಯಾರು ಏನು ಹೇಳಿದರೂ ಎರಡು ಸಲ ಕೇಳಿ ಬರೆದಿಟ್ಟುಕೊಳ್ಳುತ್ತಾಳೆ, ಡಾಕ್ಟರ ಮಾತನ್ನೂ, ತನ್ನ ಮಗಳ ಟೀಚರ ಮಾತನ್ನೂ. ಯಾಕೆ ಎಂದರೆ, "ನಂಗೆ ಸರಿಯಾಗಿ ಕೇಳಿಸ್ಕೊಳ್ಳೋಕೆ ಬರಲ್ಲಮ್ಮ, ಅದಕ್ಕೇ ಅಜ್ಜನ ಕಾಲು ಹೋಯ್ತು" ಎನ್ನುತ್ತಾಳಂತೆ. ಏನು ಹುಚ್ಚೋ ಇವಳಿಗೆ ಎಂದು ನೀವು ನಕ್ಕಿರಿ.

ಅವಳು ಸರಿಯಾಗಿಯೇ ಕೇಳಿಸಿಕೊಂಡಿದ್ದಳು, ವನಜಕ್ಕ. ಒಂದಕ್ಷರವೂ ತಪ್ಪಿಲ್ಲ. ಇದನ್ನು ನಿಮ್ಮ ಕೈಲಿ ಹೇಳಿಸುವುದಿಲ್ಲ. ಭಾನುವಾರ ಅವಳ ಮನೆಗೆ ಹೋಗಿ ನಾನೇ ಹೇಳುತ್ತೇನೆ, ಬಾಗಿಲು ಹಾಕಿಕೊಂಡರೆ ಬಾಗಿಲಿಗೇ ಹೇಳುತ್ತೇನೆ.

ಅಪ್ಪನಿಗೂ ಹೇಳಬಹುದಿತ್ತು. ಆರು ವರ್ಷ ಸಮಯವಿತ್ತು. ಹೇಳಲಿಲ್ಲ.