ಇಲಿಗಳು ಸಂತೆಗೆ ಹೋಗುವುದಿಲ್ಲ ಸರ್

ಶ್ರವಣ ವಿಜ್ಞಾನದ ಮೂವರು ಪಂಡಿತರು ಮೊದಲ ಹತ್ತು ನಿಮಿಷ ಕಳೆದಿದ್ದು ಒಂದೇ ಪ್ರಶ್ನೆಯಲ್ಲಿ: ‘ಹಲೋ, ನನ್ನ ವಾಯ್ಸ್ ಕೇಳಿಸ್ತಿದೆಯಾ?’

ಇದು ನಡೆದಿದ್ದು ಸಿಂದಗಿಯ ನಮ್ಮ ಮನೆಯ ಪಡಸಾಲೆಯಲ್ಲಿ. ತಂಗಿ ಶಾಂತವ್ವನ ಮಗಳು ಗೌರಿ ಆಡಿಯಾಲಜಿ, ಅಂದರೆ ಅದೇ ಶ್ರವಣ ವಿಜ್ಞಾನ, ಓದಿದವಳು. ಪಿಎಚ್.ಡಿ. ಸೀಟಿಗೆ ಆನ್‌ಲೈನ್ ಸಂದರ್ಶನವಿತ್ತು. ಇಂಡಿ ಊರಿನ ಅವರ ಮನೆಗೆ ಅಂಟಿಕೊಂಡೇ ಹಿಟ್ಟಿನ ಗಿರಣಿ. ಹಾಗಾಗಿ ಲ್ಯಾಪ್‌ಟಾಪ್ ಹಿಡಿದು ಇಲ್ಲಿಗೆ ಬಂದಿದ್ದಳು. ‘ಮಾಮಾ, ಅರ್ಧಾ ತಾಸು ಬಾಯಿ ಮುಚಗೊಂಡು ಕುಂದರ್ರಿ’ ಎಂದು ನನ್ನನ್ನು ಮೂಲೆಗೆ ಕೂರಿಸಿದಳು. (ಅಂಕಣಕಾರನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇದೆಯೇ?)

ಅವಳ ಸಂಶೋಧನೆಯ ವಿಷಯ ಹುಟ್ಟಿದ್ದು ಅವಳ ಅವ್ವನಿಂದ. ಗಂಡ ತೀರಿದ ಮೇಲೆ ಶಾಂತವ್ವ ಹನ್ನೆರಡು ವರ್ಷ ತೊಗರಿ ಬೇಳೆ ಮಿಲ್ಲಿನ ಗದ್ದಲದಲ್ಲಿ ದುಡಿದಳು. ಗಿರಣಿ ನಿಂತಾಗ ಮನೆಯಲ್ಲಿ ಕೂತು ಮಾತಾಡಿದರೆ ಎಲ್ಲವೂ ಕೇಳಿಸುತ್ತದೆ. ಸಂತೆಯಲ್ಲಿ, ಮದುವೆ ಮನೆಯಲ್ಲಿ ಎದುರಿಗಿದ್ದವರ ಮಾತೇ ತಿಳಿಯುವುದಿಲ್ಲ. ಎಲ್ಲರೂ ನಕ್ಕಾಗ ತಾನೂ ನಗುತ್ತಾಳೆ, ಯಾಕೆಂದು ಗೊತ್ತಿಲ್ಲದೆ. ತಪಾಸಣೆ ಮಾಡಿದ ಡಾಕ್ಟರು ರಿಪೋರ್ಟ್ ನಾರ್ಮಲ್ ಅಂದರು. ‘ಕಿವಿ ಚಲೋ ಅದಾವು. ಮನಸ್ಸು ಕೊಟ್ಟು ಕೇಳ್ರಿ’ ಎಂಬ ಉಪದೇಶ ಬೇರೆ. ಅಂದಿನಿಂದ ಶಾಂತವ್ವ ಸಂತೆಗೆ ಹೋಗುವುದನ್ನೇ ಬಿಟ್ಟಳು.

ಕಿವಿ ಸರಿ ಇದ್ದರೂ ಮಾತು ಎಲ್ಲಿ ಕಳೆದುಹೋಗುತ್ತದೆ? ಮಿದುಳಿಗೆ ಹೋಗುವ ನರದಲ್ಲೋ, ಮಿದುಳಿನಲ್ಲೋ? ಮಿಲ್ಲಿನ ಹೆಂಗಸರನ್ನೇ ಪರೀಕ್ಷಿಸಿ ಅದನ್ನು ಹುಡುಕುತ್ತೇನೆಂದು ಗೌರಿ ಇಂಗ್ಲಿಷಿನಲ್ಲಿ ವಿವರಿಸತೊಡಗಿದಳು.

ಮೂರನೇ ವಾಕ್ಯಕ್ಕೇ ಒಬ್ಬರು ತಡೆದರು. ‘ಸಿಂದಗಿ ಎಲ್ಲಿ ಬರುತ್ತೆ?’ ಹೇಳಿದಳು. ಇನ್ನೊಬ್ಬರು ಕ್ಯಾಮೆರಾ ಮುಂದೆಯೇ ಇಡ್ಲಿ ಮುರಿಯುತ್ತ, ‘ಮಧ್ಯದಲ್ಲಿ ಮದುವೆ ಆಗ್ಬಿಟ್ರೆ?’ ಅಂದರು.

‘ಸರ್, ಕೇಳಿಸಲಿಲ್ಲ.’

ಮತ್ತೆ ಕೇಳಿದರು.

‘ಸಾರಿ ಸರ್, ಕ್ಲಿಯರ್ ಇಲ್ಲ.’

ಮೂರನೇ ಸಲಕ್ಕೆ ತಮ್ಮ ಪ್ರಶ್ನೆ ತಮಗೇ ಕೇಳಿಸಿರಬೇಕು. ಇಡ್ಲಿಗೆ ಮರಳಿದರು. (ನಮ್ಮ ನೆಟ್‌ವರ್ಕ್ ಅವತ್ತು ಬಲು ಚೆನ್ನಾಗಿತ್ತು.)

ಆಗ ಹಿರಿಯರು ಬಾಯಿ ತೆರೆದರು. ‘ಮನುಷ್ಯರು ಯಾಕಮ್ಮಾ? ಕಿರಿಕಿರಿ. ನಮ್ಮ ಲ್ಯಾಬಲ್ಲಿ ಇಲಿಗಳಿವೆ. ಅವುಗಳ ಮೇಲೆ ಮಾಡು.’

‘ಇಲಿ ಮ್ಯಾಲೂ ಮಾಡಬೇಕ್ರಿ ಸರ್. ಆದ್ರ ಇಲಿ ಸಂತಿಗೆ ಹೋಗೂದಿಲ್ರಿ.’

ಸಿಟ್ಟಿಗೆ ಇಂಗ್ಲಿಷ್ ಜಾರಿ ಊರ ಮಾತು ಬಂದುಬಿಟ್ಟಿತ್ತು. ನಾನು ನಗು ತಡೆಯಲಾರದೆ ಕೆಮ್ಮಿದೆ. ಅದೊಂದು ಮಾತ್ರ ಪಂಡಿತರಿಗೆ ಸ್ಪಷ್ಟವಾಗಿ ಕೇಳಿಸಿತು. ‘ಅಲ್ಲಿ ಬೇರೆ ಯಾರಾದ್ರೂ ಇದ್ದಾರಾ?’

ವಾರದೊಳಗೆ ಮೇಲ್ ಬಂತು: ನಾಟ್ ಸೂಟಬಲ್. ಗೌರಿ ಎರಡು ದಿನ ರೊಟ್ಟಿ ಮುಟ್ಟಲಿಲ್ಲ. ತಪ್ಪಿತಸ್ಥನಂತೆ ಇಂಡಿಗೆ ಹೋದೆ. ‘ನಿಮ್ಮ ಕೆಮ್ಮಿಂದಲ್ಲ ಬಿಡ್ರಿ ಮಾಮಾ. ಅವರಿಗೆ ಹೂಂ ಅನ್ನಾವ್ರು ಬೇಕಾಗಿತ್ತು’ ಅಂದಳು. ಮೂರನೇ ದಿನ ಬೇರೊಂದು ಕಡೆ ಅರ್ಜಿ ಹಾಕಿದಳು.

ಅಲ್ಲಿ ಗೈಡ್ ಆಗಬೇಕಿದ್ದ ಮೇಡಂ, ತಾಯಿ ಮಗಳು ನಮ್ಮ ಮನೆಗೆ ಬಂದಿದ್ದಾಗ, ಅವಳಿಗೇ ಫೋನ್ ಮಾಡಿದರು. ವಿಷಯವೆಲ್ಲ ಕೇಳಿ, ‘ತಾಯಿಯವರ ಕೈಗೆ ಕೊಡಿ’ ಅಂದರು. ಶಾಂತವ್ವನನ್ನು ಅರ್ಧ ತಾಸು ಮಾತಾಡಿಸಿದರು. ಸಂತೆಯಲ್ಲಿ ಯಾರ ಮಾತು ತಪ್ಪುತ್ತದೆ? ಹೆಂಗಸರದೋ, ಗಂಡಸರದೋ? ಮುಖ ನೋಡುತ್ತ ಕೇಳಿದರೆ ತಿಳಿಯುತ್ತದೆಯೇ? ಫೋನ್ ಇಟ್ಟವಳೇ ಶಾಂತವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ‘ಅಣ್ಣಾ, ಆ ಅಕ್ಕೋರು ನನಗ ಸುಳ್ಳ ಹೇಳ್ತಿ ಅನ್ಲಿಲ್ಲ.’

ಸೀಟು ಸಿಕ್ಕಿತು. ಬಳಗಕ್ಕೆಲ್ಲ ಸುದ್ದಿಯಾಯಿತು. ಮುದ್ದೇಬಿಹಾಳದ ಅತ್ತೆ, ‘ಅಷ್ಟು ಓದಿ ಕಿವ್ಯಾನ ಹೊಲಸ ತಗಿತಾಳನು?’ ಎಂದು ಮರುಗಿದರು. ಬಸವನ ಬಾಗೇವಾಡಿಯ ಬೀಗರೊಬ್ಬರು ಮೊನ್ನೆ ಸಂಬಂಧವನ್ನೇ ಹೊತ್ತು ತಂದರು. ‘ಹುಡುಗ ಭಾಳ ಶಾಣ್ಯಾ ಅದಾನ. ಹೆಂಡ್ತಿ ಹೇಳಿದ್ದೆಲ್ಲಾ ಕೇಳ್ತಾನ.’

ಪುಸ್ತಕ ಜೋಡಿಸುತ್ತಿದ್ದ ಗೌರಿ ತಲೆ ಎತ್ತದೆ ಕೇಳಿದಳು: ‘ಕೇಳಿದ್ದು ತಿಳಿತೈತೇನ್ರಿ ಅವರಿಗೆ?’